ಧರ್ಮಸಂಕಟ ಯಾರದು? ವೃತ್ತಿನೀತಿಯ ಕೇಸ್ ಸ್ಟಡಿಗಳಲ್ಲಿ ಚಿಕಿತ್ಸೆಗೆ ಬಂದವರ ಮಾತು

ತುಂಗಾತೀರ

ಆಪ್ತಸಮಾಲೋಚನೆಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವೃತ್ತಿನೀತಿಯ ಪಾಠ ಮಾಡುತ್ತೇನೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ಹಳೆಯ ಕೇಸ್ ಸ್ಟಡಿಗಳನ್ನೆಲ್ಲ ಒಟ್ಟಿಗೆ ಹರವಿಕೊಂಡು ಓದಿದೆ. ಎಲ್ಲದರ ಅಚ್ಚೂ ಒಂದೇ. "ವಿವಾಹಿತ ಮಹಿಳೆ, ವಯಸ್ಸು ಇಷ್ಟು, ಆತಂಕದ ತೊಂದರೆ. ಮೂರನೆಯ ಭೇಟಿಯಲ್ಲಿ ಹೀಗೊಂದು ವಿಷಯ ಹೇಳುತ್ತಾರೆ. ಸಮಾಲೋಚಕರು ಈಗ ಏನು ಮಾಡಬೇಕು?"

ಇಕ್ಕಟ್ಟು ಯಾವಾಗಲೂ ಸಮಾಲೋಚಕರದು. ಕ್ಲೈಂಟ್ (ಚಿಕಿತ್ಸೆಗೆ ಬಂದವರು) ಎಂದರೆ ಆ ಇಕ್ಕಟ್ಟನ್ನು ತಂದಿಟ್ಟವರು. ಅವರು ಬೆದರಿಕೆ ಹಾಕುತ್ತಾರೆ, ಗುಟ್ಟು ಹೇಳುತ್ತಾರೆ, ಉಡುಗೊರೆ ತರುತ್ತಾರೆ, ಶುಲ್ಕ ಬಾಕಿ ಉಳಿಸುತ್ತಾರೆ, ಸಮಾಲೋಚಕರನ್ನು ಮೆಚ್ಚಿಕೊಳ್ಳುತ್ತಾರೆ. ಆಮೇಲೆ ಕಥೆಯಿಂದ ಹೊರಗೆ ಹೋಗುತ್ತಾರೆ. ನಾವು ತೆಗೆದುಕೊಂಡ ನಿರ್ಧಾರದಿಂದ ಅವರಿಗೆ ಏನಾಯಿತು ಎಂಬ ಒಂದು ಸಾಲೂ ಇಲ್ಲ.

ಇದು ಇಂದಿನ ಚಾಳಿಯಲ್ಲ. 1905ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಪ್ರಕಟಿಸಿದ 'ಡೋರಾ' ಪ್ರಕರಣವನ್ನೇ ನೋಡಿ. 1900ರ ಅಕ್ಟೋಬರ್‌ನಲ್ಲಿ ತಂದೆ ಆ ಹುಡುಗಿಯನ್ನು ಕರೆತಂದರು. ಡಿಸೆಂಬರ್ 31ರಂದು ಅವಳೇ ಚಿಕಿತ್ಸೆ ನಿಲ್ಲಿಸಿದಳು. ಅವಳಿಗೆ ಹದಿನಾಲ್ಕಾಗಿದ್ದಾಗ ಕುಟುಂಬದ ಸ್ನೇಹಿತನೊಬ್ಬ ಬಲವಂತವಾಗಿ ಮುತ್ತಿಟ್ಟಿದ್ದ. ಅವಳಿಗೆ ಅಸಹ್ಯವಾಯಿತು. ಆ ಅಸಹ್ಯವನ್ನೇ ಫ್ರಾಯ್ಡ್ ರೋಗಲಕ್ಷಣವೆಂದು ಬರೆದರು. ತನ್ನ ತಂದೆಗೂ ಆ ಮನುಷ್ಯನ ಹೆಂಡತಿಗೂ ಇದ್ದ ಸಂಬಂಧಕ್ಕಾಗಿ ತನ್ನನ್ನು ಒಪ್ಪಿಸಿಬಿಟ್ಟಿದ್ದಾರೆ ಎಂಬುದು ಅವಳ ದೂರು. ಅದರಲ್ಲಿ ನಿಜವಿದೆಯೆಂದು ಫ್ರಾಯ್ಡ್ ಒಪ್ಪಿದರು, ಆದರೆ ಅವಳ ನಿರಾಕರಣೆಯೊಳಗೆ ಅಡಗಿದ ಪ್ರೀತಿಯಿದೆ ಎಂಬ ವ್ಯಾಖ್ಯಾನವನ್ನು ಬಿಡಲಿಲ್ಲ. ಮುನ್ನುಡಿಯಲ್ಲಿ ಇನ್ನೊಂದು ಮಾತಿದೆ: ಪ್ರಕಟಣೆಗೆ ರೋಗಿಗಳ ಅನುಮತಿ ಕೇಳಿ ಪ್ರಯೋಜನವಿಲ್ಲ, ಹೇಗೂ ಅವರು ಕೊಡುವುದಿಲ್ಲ.

ಕೊನೆಯ ಪುಟಗಳಲ್ಲಿ ಇರುವುದನ್ನು ತರಗತಿಗಳಲ್ಲಿ ಯಾರೂ ಓದಿಸುವುದಿಲ್ಲ. 1902ರ ಏಪ್ರಿಲ್‌ನಲ್ಲಿ ಅವಳು ಮತ್ತೆ ಬಂದಳು. ಅಷ್ಟರಲ್ಲಿ ಆ ದಂಪತಿಯ ಮನೆಗೆ ತಾನೇ ಹೋಗಿ, ಇಬ್ಬರನ್ನೂ ಎದುರಿಸಿ, ನಡೆದದ್ದು ನಿಜವೆಂದು ಒಪ್ಪಿಸಿಕೊಂಡು ಬಂದಿದ್ದಳು. ಹುಡುಗಿಯ ದೃಷ್ಟಿಯಿಂದ ಪ್ರಕರಣದ ತಿರುಳೇ ಅದು. ಫ್ರಾಯ್ಡ್ ಅದಕ್ಕೆ ಕೆಲವೇ ಸಾಲು ಕೊಟ್ಟು, ಪೂರ್ತಿ ಗುಣಪಡಿಸುವ ತೃಪ್ತಿಯನ್ನು ತನ್ನಿಂದ ಕಸಿದುಕೊಂಡದ್ದಕ್ಕೆ ಅವಳನ್ನು ಕ್ಷಮಿಸುವುದಾಗಿ ಹೇಳಿ ಮುಗಿಸಿದರು.

ನಾವು ಪಾಠಕ್ಕೆ ಬಳಸುವ ಪ್ರಕರಣಗಳಲ್ಲಿ ಕ್ಲೈಂಟ್‌ಗಳ ನೋಟ ಬರಬೇಕೇ? ಬಂದರೆ ಯಾರು ಬರೆಯಬೇಕು? ಈ ಕೆಲಸದಲ್ಲಿರುವವರೂ ಚಿಕಿತ್ಸೆ ಪಡೆದವರೂ ಮಾತನಾಡಬೇಕೆಂಬುದು ನನ್ನ ಕೋರಿಕೆ.

ಹುಬ್ಬಳ್ಳಿಯ ಸಮಾಲೋಚಕ

ಮೇಡಂ, ಕಾಳಜಿ ಅರ್ಥವಾಗುತ್ತದೆ. ಆದರೂ ಎರಡು ತಕರಾರುಗಳಿವೆ.

ವೃತ್ತಿನೀತಿಯ ಕೇಸ್ ಸ್ಟಡಿ ಜೀವನಚರಿತ್ರೆಯಲ್ಲ. ನಾಳೆ ಬೆಳಗ್ಗೆ ಒಬ್ಬರೇ ಕೋಣೆಯಲ್ಲಿ ಕುಳಿತಾಗ ಏನು ನಿರ್ಧರಿಸಬೇಕು ಎಂಬುದನ್ನು ಹೊಸಬರಿಗೆ ಕಲಿಸುವ ಸಾಧನ ಅದು. ನಿರ್ಧರಿಸುವವರು ಸಮಾಲೋಚಕರು, ಹೊಣೆಯೂ ಅವರದೇ. ಆದ್ದರಿಂದ ಇಕ್ಕಟ್ಟು ಅವರದಾಗಿರುವುದು ಸಹಜ.

ಗೋಪ್ಯತೆಯ ಪ್ರಶ್ನೆಯೂ ಇದೆ. ನಾವು ಕೆಲಸ ಮಾಡುವುದು ಊರಿಗೆ ಊರೇ ಪರಿಚಯವಿರುವ ಕಡೆ. ಹೆಸರು, ಊರು ಬದಲಾಯಿಸಿದರೆ ಸಾಲದು. ಜಾತಿ, ಕಸುಬು, ಜಮೀನಿನ ವ್ಯಾಜ್ಯ, ಎಷ್ಟನೆಯ ಮಗಳು ಎಂಬುದನ್ನೆಲ್ಲ ಅಳಿಸಬೇಕು. ಅಳಿಸಿದ ಮೇಲೆ ಉಳಿಯುವುದು "ವಿವಾಹಿತ ಮಹಿಳೆ, ಆತಂಕ" ಮಾತ್ರ. ಆ ಖಾಲಿ ಜಾಗದಲ್ಲಿ ಕ್ಲೈಂಟ್ ಹೇಳಿದಂತೆ ನಾವೇ ಮಾತು ತುಂಬಿದರೆ ಅದು ಕಟ್ಟುಕಥೆಯಾಗುತ್ತದೆ. ಕಲ್ಪಿತ ಧ್ವನಿಗಿಂತ ಮೌನವೇ ಮೇಲು.

ನಾಗಲಿಂಗಪುಷ್ಪ

ನಾನು ಚಿಕಿತ್ಸೆ ಪಡೆದವಳು, ಸರ್ಕಾರಿ ಶಾಲೆಯ ಶಿಕ್ಷಕಿ. ಮೇಲಿನ ಸರ್ ಹೇಳಿದ ಮೌನದ ಬಗ್ಗೆ ನನ್ನ ಅನುಭವವೊಂದಿದೆ.

ಕೆಲವು ವರ್ಷಗಳ ಹಿಂದೆ ಖಿನ್ನತೆಗಾಗಿ ಒಬ್ಬ ಸಮಾಲೋಚಕಿಯ ಬಳಿ ಹೋಗುತ್ತಿದ್ದೆ. ಒಳ್ಳೆಯವರು. ಅವರಿಂದಲೇ ನಾನು ಮತ್ತೆ ಪಾಠ ಮಾಡುವಂತಾದೆ. ಆ ವರ್ಷದ ಗೌರಿ ಹಬ್ಬಕ್ಕೆ ಅವರಿಗೊಂದು ಬಾಗಿನ ಕೊಂಡೊಯ್ದೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ತೆಂಗಿನಕಾಯಿ, ರವಿಕೆ ಬಟ್ಟೆ, ಎಲ್ಲ ಮನೆಗಳಲ್ಲೂ ಇಡುವುದೇ. ನಿಯಮವಿದೆ, ತೆಗೆದುಕೊಳ್ಳುವಂತಿಲ್ಲ ಎಂದರು. ವಾಪಸು ತಂದೆ. ಕೊಟ್ಟ ಬಾಗಿನ ಮರಳಿ ಮನೆಗೆ ಬಂದರೆ ಮನಸ್ಸಿಗೆ ಹೇಗಾಗುತ್ತದೆ ಎಂದು ಇಲ್ಲಿನ ಹೆಣ್ಣುಮಕ್ಕಳಿಗೆ ವಿವರಿಸಬೇಕಿಲ್ಲ. ಆದರೂ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಕೆಲಸದ ಕಟ್ಟುಪಾಡು ಇರಬಹುದು ಎಂದುಕೊಂಡೆ. ಮುಂದಿನ ಭೇಟಿಗೆ ಹೋಗಲು ಮಾತ್ರ ಕಾಲು ಏಳಲಿಲ್ಲ.

ಆಮೇಲೆ ಶಿಕ್ಷಕರಿಗಾಗಿ ಏರ್ಪಡಿಸಿದ್ದ ಆಪ್ತಸಮಾಲೋಚನೆ ತರಬೇತಿಗೆ ಸೇರಿದೆ. ಅಲ್ಲಿ 'ಗಡಿಗಳು' ಎಂಬ ವಿಷಯದ ಪಾಠದಲ್ಲಿ ಪರದೆಯ ಮೇಲೆ ನಾನೇ ಬಂದೆ. ಹೆಸರಿಲ್ಲ, ಊರಿಲ್ಲ, ವೃತ್ತಿಯೂ ಬೇರೆ. "ಅವಲಂಬನೆ ಬೆಳೆಸಿಕೊಂಡ ಕ್ಲೈಂಟ್ ಉಡುಗೊರೆಯ ಮೂಲಕ ವಿಶೇಷ ಸ್ಥಾನ ಪಡೆಯಲು ಯತ್ನಿಸಿದರು. ಗಡಿಯನ್ನು ಸ್ಪಷ್ಟಪಡಿಸಿದಾಗ ಪ್ರತಿರೋಧ ತೋರಿ ಚಿಕಿತ್ಸೆ ತೊರೆದರು." ಪಾಠ ಮಾಡಿದವರು ಬೇರೆಯವರು, ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ತರಗತಿಯಲ್ಲಿದ್ದವರೆಲ್ಲ ಆ ಸಮಾಲೋಚಕಿ ಸರಿಯಾಗಿ ನಡೆದುಕೊಂಡರೆಂದು ಒಪ್ಪಿದರು.

ನನ್ನ ಗುರುತು ಯಾರಿಗೂ ಸಿಗಲಿಲ್ಲ. ಗೋಪ್ಯತೆಗೆ ಕುಂದು ಬಂದಿಲ್ಲ ಎಂದು ನೀವು ಹೇಳಬಹುದು. ಆದರೆ ಅಲ್ಲಿ ಬರೆದದ್ದು ಸುಳ್ಳು, ಅದನ್ನು ಸುಳ್ಳೆಂದು ಹೇಳಬಲ್ಲವಳು ನಾನೊಬ್ಬಳೇ, ಹೇಳಲು ಬಾಯಿ ತೆರೆದರೆ ಗುಟ್ಟು ರಟ್ಟಾಗುವುದು ನನ್ನದೇ. ಹುಬ್ಬಳ್ಳಿಯ ಸರ್, ನೀವು ಅದನ್ನು ಮೌನ ಎಂದಿರಿ. ಆ ಪರದೆಯ ಮೇಲೆ ಮೌನವಿರಲಿಲ್ಲ. ನನ್ನ ಉದ್ದೇಶವನ್ನು ಬೇರೆಯವರು ಬರೆದಿಟ್ಟಿದ್ದರು.

ಎರಡನೇ ಸೆಮಿಸ್ಟರ್

ಮೇಡಂ, ಇದೇ ಉಡುಗೊರೆಯ ಪ್ರಶ್ನೆಗೆ ನಾವು "ನಯವಾಗಿ ನಿರಾಕರಿಸಬೇಕು" ಎಂದು ಬರೆದು ಪೂರ್ತಿ ಅಂಕ ಪಡೆದಿದ್ದೇವೆ. ಬಾಗಿನ ಎಂಬುದು ಪ್ರಶ್ನೆಯಲ್ಲಿ ಇದ್ದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ತುಂಗಾತೀರ

ನಾಗಲಿಂಗಪುಷ್ಪ ಅವರೇ, ಇಷ್ಟು ಬಿಡಿಸಿ ಬರೆದದ್ದಕ್ಕೆ ಕೃತಜ್ಞತೆಗಳು. ನೀತಿಸಂಹಿತೆಯೂ ನಿಮ್ಮ ಕಡೆಗೇ ಇದೆ. ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಬಳಸುವುದು ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ಸಂಹಿತೆ. ಉಡುಗೊರೆಯನ್ನು ಅದು ಸಾರಾಸಗಟಾಗಿ ನಿಷೇಧಿಸಿಲ್ಲ. ಕೆಲವು ಸಂಸ್ಕೃತಿಗಳಲ್ಲಿ ಸಣ್ಣ ಕೊಡುಗೆ ಗೌರವ ಮತ್ತು ಕೃತಜ್ಞತೆಯ ಕುರುಹು ಎಂದು ಗುರುತಿಸುತ್ತದೆ. ಚಿಕಿತ್ಸೆಯ ಸಂಬಂಧ, ವಸ್ತುವಿನ ಬೆಲೆ, ಕೊಡುವವರ ಉದ್ದೇಶ, ತೆಗೆದುಕೊಳ್ಳುವ ಅಥವಾ ನಿರಾಕರಿಸುವವರ ಉದ್ದೇಶ, ಇಷ್ಟನ್ನೂ ತೂಗಿ ನೋಡಿ ಎನ್ನುತ್ತದೆ. ಕೊಡುವವರ ಉದ್ದೇಶ ತಿಳಿಯುವುದು ಕೊಟ್ಟವರನ್ನು ಕೇಳಿದಾಗ. ಕೇಸ್ ಸ್ಟಡಿ ಬರೆದವರು ಕೇಳದೆಯೇ ಉತ್ತರ ತುಂಬಿದ್ದಾರೆ.

ಹುಬ್ಬಳ್ಳಿಯವರೇ, ಗುರುತು ಮರೆಸಲು ನೀವು ಅಳಿಸುವ ಜಾತಿ, ಜಮೀನು, ಹಬ್ಬ, ಮೈಮೇಲೆ ದೇವರು ಬರುವುದು ಮುಂತಾದವೇ ಎಷ್ಟೋ ಸಲ ಆ ವ್ಯಕ್ತಿಯ ಪ್ರಕಾರ ತೊಂದರೆಯ ಮೂಲ ಅಥವಾ ಪರಿಹಾರ. ಅವನ್ನು ಅಳಿಸಿದಾಗ ಸಮಾಲೋಚಕರ ನೋಟ ಪೂರ್ತಿ ಉಳಿಯುತ್ತದೆ, ಕ್ಲೈಂಟ್ ನೋಟ ಮಾತ್ರ ಹೋಗುತ್ತದೆ.

ಸಂಜೆ ಓಪಿಡಿ

ನಾನು ಮನೋವೈದ್ಯ. ಈ ಚರ್ಚೆಗೆ ಟಾರಾಸಾಫ್ ಪ್ರಕರಣ ಬರಲೇಬೇಕು. ಗೋಪ್ಯತೆಯ ಮಿತಿ ಎಂದಕೂಡಲೇ ಜಗತ್ತಿನೆಲ್ಲೆಡೆ ಬೋಧಿಸುವುದು ಅದನ್ನೇ, ಅದರಲ್ಲಿರುವ ಕ್ಲೈಂಟ್ ಭಾರತದವನು.

ತರಗತಿಯಲ್ಲಿ ಹೇಳುವ ಕಥೆ ಇಷ್ಟು: ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪ್ರಸೇನ್‌ಜಿತ್ ಪೊದ್ದಾರ್ ಒಬ್ಬ ಯುವತಿಯನ್ನು ಕೊಲ್ಲುವುದಾಗಿ ಅಲ್ಲಿನ ಮನಶ್ಶಾಸ್ತ್ರಜ್ಞ ಲಾರೆನ್ಸ್ ಮೂರ್ ಅವರಿಗೆ ಹೇಳಿದ. 1969ರ ಆಗಸ್ಟ್‌ನಲ್ಲಿ ಮೂರ್ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹಿಡಿದು, ವಿಚಾರಿಸಿ, ಬಿಟ್ಟುಬಿಟ್ಟರು. ಅಕ್ಟೋಬರ್ 27ರಂದು ಅವನು ಟಟಿಯಾನಾ ಟಾರಾಸಾಫ್‌ರನ್ನು ಕೊಂದ. 1976ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ಅಪಾಯದಲ್ಲಿರುವವರನ್ನು ರಕ್ಷಿಸಲು ಯುಕ್ತ ಎಚ್ಚರಿಕೆ ವಹಿಸುವುದು ಚಿಕಿತ್ಸಕರ ಕರ್ತವ್ಯ ಎಂದಿತು.

ಬಿಟ್ಟುಹೋಗುವ ಸಂಗತಿಗಳು ಬೇರೊಂದು ತೀರ್ಪಿನಲ್ಲಿವೆ, ಅವನ ಮೇಲಿನ ಕ್ರಿಮಿನಲ್ ಪ್ರಕರಣದ 1974ರ ತೀರ್ಪಿನಲ್ಲಿ. ಬಂಗಾಳದ ಅಸ್ಪೃಶ್ಯ ಸಮುದಾಯದಲ್ಲಿ ಹುಟ್ಟಿದ ಅವನು 1967ರ ಸೆಪ್ಟೆಂಬರ್‌ನಲ್ಲಿ ಬರ್ಕ್ಲಿಗೆ ಬಂದ, ಅಂತರರಾಷ್ಟ್ರೀಯ ವಿದ್ಯಾರ್ಥಿ ನಿಲಯದಲ್ಲಿದ್ದ, ಅಲ್ಲಿನ ಜಾನಪದ ನೃತ್ಯದ ತರಗತಿಯಲ್ಲಿ ಅವಳನ್ನು ಕಂಡ. ಹೊಸ ವರ್ಷದ ಮುನ್ನಾದಿನ ಅವಳು ಮುತ್ತಿಟ್ಟಳು, ಅದನ್ನು ಗಂಭೀರ ಸಂಬಂಧದ ಒಪ್ಪಿಗೆ ಎಂದು ತಿಳಿದ. ಅಲ್ಲವೆಂದು ಅವಳು ಹೇಳಿದ ಮೇಲೆ ಓದು, ಆರೋಗ್ಯ ಎಲ್ಲ ಕೈಬಿಟ್ಟ. ಬೇಸಿಗೆಯಲ್ಲಿ ಅವಳು ಬ್ರೆಜಿಲ್‌ಗೆ ಹೋದಾಗ ಸ್ವಲ್ಪ ಚೇತರಿಸಿಕೊಂಡು, ಸ್ನೇಹಿತನ ಮಾತಿನಂತೆ ತಾನಾಗಿಯೇ ಚಿಕಿತ್ಸೆಗೆ ಬಂದ. ಪೊಲೀಸರು ಬಂದು ಹೋದ ಮೇಲೆ ಮತ್ತೆ ಅಲ್ಲಿಗೆ ಕಾಲಿಡಲಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಇದರಿಂದ ಕೊಲೆಯ ಭಾರ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಆದರೆ ನೀತಿಯ ಪಾಠ ಬದಲಾಗುತ್ತದೆ. ಕ್ಯಾಂಪಸ್ಸಿನಲ್ಲಿ ಒಂಟಿಯಾಗಿ, ಜಾತಿಯ ನೆನಪನ್ನು ಹೊತ್ತು, ಅಲ್ಲಿನ ಒಡನಾಟದ ರೀತಿ ತಿಳಿಯದೆ ಇದ್ದವನಿಗೆ ಚಿಕಿತ್ಸೆಯ ಕೋಣೆ ಏನಾಗಿತ್ತು? ಅಲ್ಲಿ ಆಡಿದ ಮಾತು ಪೊಲೀಸರ ರೂಪದಲ್ಲಿ ಬಾಗಿಲಿಗೆ ಬಂದಾಗ ಏನಾಯಿತು? ಮೂರ್ ಅವರ ಮೇಲಧಿಕಾರಿ, ಮನೋವೈದ್ಯ ವಿಭಾಗದ ನಿರ್ದೇಶಕ, ಮೂರ್ ಪೊಲೀಸರಿಗೆ ಬರೆದಿದ್ದ ಪತ್ರವನ್ನು ಹಿಂಪಡೆದು ಪ್ರತಿಗಳನ್ನೂ ಟಿಪ್ಪಣಿಗಳನ್ನೂ ನಾಶಪಡಿಸಲು ಹೇಳಿದರು. "ಹೇಳಬೇಕೇ, ಬೇಡವೇ" ಎಂಬ ಪ್ರಶ್ನೆಯಲ್ಲಿ ನಾವು ಸಿಕ್ಕಿಕೊಂಡಿದ್ದೇವೆ. ಹೇಳಿದ ಮೇಲೂ ಅವನನ್ನು ಚಿಕಿತ್ಸೆಯಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳುವುದೇ ಇಲ್ಲ. ಟಟಿಯಾನಾ ಬದುಕುಳಿಯುವ ದಾರಿ ಅಲ್ಲಿಯೂ ಒಂದಿತ್ತು.

ಮತ್ತು ಟಟಿಯಾನಾ! ಪ್ರಕರಣಕ್ಕೆ ಅವಳ ಹೆಸರಿದೆ, ಅವಳ ಒಂದು ಮಾತೂ ಇಲ್ಲ. ಅವಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ.

ಕಪ್ಪು ಕೋಟು

ವಕೀಲೆಯಾಗಿ ಕಾನೂನಿನ ಬದಿಯಿಂದ ನಾಲ್ಕು ಮಾತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡುತ್ತದೆ, ಇನ್ನೊಬ್ಬರ ಜೀವಕ್ಕೆ ಅಪಾಯವಿರುವಂಥ ಕೆಲವು ವಿನಾಯಿತಿಗಳೊಂದಿಗೆ. 25ನೇ ಸೆಕ್ಷನ್ನನ್ನು ಹೆಚ್ಚಿನವರು ಓದಿಲ್ಲ: ಚಿಕಿತ್ಸೆ ಪಡೆದವರಿಗೆ ತಮ್ಮ ಮೂಲಭೂತ ವೈದ್ಯಕೀಯ ದಾಖಲೆ ನೋಡುವ ಹಕ್ಕಿದೆ. ಗಂಭೀರ ಹಾನಿಯಾಗುವಂತಿದ್ದರೆ ಮಾತ್ರ ಕೆಲವು ಭಾಗ ತಡೆಹಿಡಿಯಬಹುದು. ದಾಖಲೆ ನೋಡಬಹುದು, ಆದರೆ ಅದೇ ದಾಖಲೆಯಿಂದ ಹುಟ್ಟಿದ ಕೇಸ್ ಸ್ಟಡಿ ಯಾವ ತರಗತಿಯಲ್ಲಿ ಓಡುತ್ತಿದೆ ಎಂದು ತಿಳಿಯುವ ದಾರಿ ಇಲ್ಲ. ಜೊತೆಗೆ, ಆ ಕಾಯ್ದೆಯಲ್ಲಿ ಮಾನಸಿಕ ಆರೋಗ್ಯ ವೃತ್ತಿಪರರು ಎಂಬ ವ್ಯಾಖ್ಯೆಯೊಳಗೆ ಆಪ್ತಸಮಾಲೋಚಕರನ್ನು ಹೆಸರಿಸಿಲ್ಲ.

ಒಪ್ಪಿಗೆಯ ಬಗ್ಗೆ 1977ರ ನ್ಯೂಯಾರ್ಕ್ ತೀರ್ಪೊಂದಿದೆ. ಮನೋವೈದ್ಯೆಯೊಬ್ಬರು ಚಿಕಿತ್ಸೆ ಮುಗಿದು ಎಂಟು ವರ್ಷಗಳ ನಂತರ ರೋಗಿಯ ಮಾತುಗಳನ್ನು ಇದ್ದದ್ದು ಇದ್ದ ಹಾಗೆಯೇ ಪುಸ್ತಕವಾಗಿ ಹೊರತಂದರು. ಚಿಕಿತ್ಸೆಯ ಕಾಲದಲ್ಲಿ ಬಾಯಿಮಾತಿನ ಒಪ್ಪಿಗೆ ಪಡೆದಿದ್ದೆ ಎಂದು ವಾದಿಸಿದರು. ನ್ಯಾಯಾಲಯ ಅದಕ್ಕೆ ಬೆಲೆ ಕೊಡಲಿಲ್ಲ. ಪುಸ್ತಕದ ಮಾರಾಟ ನಿಲ್ಲಿಸಿ 20,000 ಡಾಲರ್ ಪರಿಹಾರ ಕೊಡಿಸಿತು.

ನಮ್ಮಲ್ಲಿ ನನಗೆ ಹೆಚ್ಚು ನೋವು ಕೊಡುವುದು ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಶ್ನೆ. "17 ವರ್ಷದ ವಿದ್ಯಾರ್ಥಿನಿ ತನ್ನ ಪ್ರೇಮ ಸಂಬಂಧದ ಬಗ್ಗೆ ಕಾಲೇಜಿನ ಸಮಾಲೋಚಕರಿಗೆ ಹೇಳುತ್ತಾಳೆ. ಏನು ಮಾಡಬೇಕು?" 2012ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೈಂಗಿಕ ಸಂಪರ್ಕದ ವಿಷಯ ತಿಳಿದವರು ವರದಿ ಮಾಡಲೇಬೇಕು, ಮಾಡದಿದ್ದರೆ ಶಿಕ್ಷೆ. ಆದ್ದರಿಂದ "ವರದಿ ಮಾಡಬೇಕು" ಎಂಬ ಉತ್ತರ ಕಾನೂನಿನ ಪ್ರಕಾರ ಸರಿ. ಆದರೆ ಹುಡುಗಿಯ ಜಾಗದಲ್ಲಿ ನಿಂತು ಓದಿ. ಬಾಯಿ ತೆರೆಯುವ ಮೊದಲು ಈ ಮಿತಿಯನ್ನು ಅವಳಿಗೆ ಯಾರಾದರೂ ಹೇಳಿದ್ದರೇ? ಅವಳ ಮಟ್ಟಿಗೆ ನೀತಿಯ ಪ್ರಶ್ನೆ ಹುಟ್ಟಿದ್ದು ಅವಳು ಮಾತನಾಡಿದಾಗ ಅಲ್ಲ, "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ, ಧೈರ್ಯವಾಗಿ ಹೇಳಮ್ಮ" ಎಂದು ಸಮಾಲೋಚಕರು ಭರವಸೆ ಕೊಟ್ಟಾಗ. ಪ್ರಶ್ನೆಪತ್ರಿಕೆಯ ಕಥೆ ಆ ಭರವಸೆಯ ನಂತರ ಆರಂಭವಾಗುತ್ತದೆ. ಹಾಗಾಗಿ ತಪ್ಪು ನಡೆದ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ವರದಿಯಾದ ಮೇಲಿನದ್ದೂ ಇಲ್ಲ. ಹುಡುಗ ಜೈಲಿಗೆ, ಹುಡುಗಿ ಬಾಲಮಂದಿರಕ್ಕೆ, ಓದು ಅಲ್ಲಿಗೇ ನಿಂತಿತು: ಇಂಥವನ್ನು ನಾನು ನ್ಯಾಯಾಲಯದ ಮೊಗಸಾಲೆಯಲ್ಲಿ ಕಾಣುತ್ತೇನೆ. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟ್‌ನ ಧಾರವಾಡ ಪೀಠ ಸಮ್ಮತಿಯ ವಯಸ್ಸಿನ ಬಗ್ಗೆ ಮರುಚಿಂತನೆ ನಡೆಸುವಂತೆ ಕಾನೂನು ಆಯೋಗಕ್ಕೆ ಹೇಳಿತ್ತು. 2023ರ ವರದಿಯಲ್ಲಿ ಆಯೋಗ ವಯಸ್ಸು ಇಳಿಸಲು ಒಪ್ಪಲಿಲ್ಲ. 16ರಿಂದ 18ರ ನಡುವಿನವರ ಒಪ್ಪಿತ ಸಂಬಂಧಗಳಲ್ಲಿ ನ್ಯಾಯಾಧೀಶರಿಗೆ ಒಂದಿಷ್ಟು ವಿವೇಚನೆ ಇರಲಿ ಎಂದಿತು. ಕಾನೂನು ಹೀಗೆ ತೂಗುಯ್ಯಾಲೆಯಲ್ಲಿರುವಾಗ ಸಮಾಲೋಚಕರಾಗುವವರಿಗೆ ಒಂದೇ ಸಾಲಿನ ಉತ್ತರ ಕಲಿಸುವುದು ಅನ್ಯಾಯ.

ಹುಬ್ಬಳ್ಳಿಯ ಸಮಾಲೋಚಕ

ಪೋಕ್ಸೊ ಉದಾಹರಣೆ ನನಗೆ ನಾಟಿತು. ಕಥೆ ಎಲ್ಲಿಂದ ಶುರುವಾಗುತ್ತದೆ ಎಂಬ ದೃಷ್ಟಿಯಿಂದ ಯೋಚಿಸಿರಲಿಲ್ಲ.

ಆದರೆ ಬಾಗಿನದ ವಿಷಯದಲ್ಲಿ ನನ್ನ ತಕರಾರು ಉಳಿದಿದೆ. ನಾಗಲಿಂಗಪುಷ್ಪ ಅಮ್ಮನವರೇ, ದಯವಿಟ್ಟು ಬೇಸರಿಸಬೇಡಿ. ಉಡುಗೊರೆಯ ಹಿಂದೆ ನಾವೇ ಅರಿಯದ ಆಸೆಗಳೂ ಇರುತ್ತವೆ. ಚಿಕಿತ್ಸಕರು ಅದನ್ನು ಗಮನಿಸಿದ್ದು ತಪ್ಪಲ್ಲ. ಕ್ಲೈಂಟ್ ಹೇಳಿದ್ದೇ ಕೊನೆಯ ಮಾತು ಎಂದರೆ ನಮ್ಮ ವಿದ್ಯೆಗೇ ಅರ್ಥವಿಲ್ಲ.

ನಾಗಲಿಂಗಪುಷ್ಪ

ಬೇಸರವಿಲ್ಲ ಸರ್. ನನ್ನ ಮಾತೇ ಕೊನೆಯದಾಗಲಿ ಎಂದು ನಾನು ಕೇಳುತ್ತಿಲ್ಲ. ಅವರೊಂದಿಗೆ ಇನ್ನೂ ಅಂಟಿಕೊಂಡಿರಬೇಕೆಂಬ ಆಸೆ ನನ್ನೊಳಗೆ ಇದ್ದಿರಲೂಬಹುದು. ಅದನ್ನು ನನ್ನ ಎದುರು ಹೇಳಿದ್ದರೆ ಇಬ್ಬರೂ ಕೂತು ಮಾತನಾಡುತ್ತಿದ್ದೆವು, ಅದಕ್ಕೇ ಅಲ್ಲವೇ ನಾನು ದುಡ್ಡು ಕೊಟ್ಟು ಬರುತ್ತಿದ್ದದ್ದು? ನನಗೆ ಹೇಳದ ಮಾತನ್ನು ನಲವತ್ತು ಜನರ ತರಗತಿಗೆ ಹೇಳಿದರು. ಅದು ನನ್ನ ದೂರು.

ಸಂಜೆ ಓಪಿಡಿ

ಹಾಗಾದರೆ ಬರೆಯುವವರು ಯಾರು ಎಂಬ ಪ್ರಶ್ನೆಗೆ ಬರೋಣ. ದಾರಿಗಳು ಆಗಲೇ ಇವೆ.

ವೈದ್ಯಕೀಯ ಪ್ರಕರಣ ವರದಿಗಳಿಗೆ 2013ರಲ್ಲಿ ಬಂದ 'ಕೇರ್' ಮಾರ್ಗಸೂಚಿಯಲ್ಲಿ ರೋಗಿಯ ದೃಷ್ಟಿಕೋನಕ್ಕೇ ಒಂದು ಕಲಮು ಇದೆ. ಸಾಧ್ಯವಿದ್ದಾಗಲೆಲ್ಲ ರೋಗಿಯೇ ತನ್ನ ಅನುಭವ ಹೇಳಲಿ ಎನ್ನುತ್ತದೆ. ಮೂಳೆ ಮುರಿತಕ್ಕೂ ಚರ್ಮದ ಕಾಯಿಲೆಗೂ ಅನ್ವಯಿಸುವ ಈ ಕಲಮು ಮಾತಿನಿಂದಲೇ ನಡೆಯುವ ಚಿಕಿತ್ಸೆಗೆ ಬೇಡವೇ?

ಮನೋಚಿಕಿತ್ಸೆಯಲ್ಲೂ ಒಂದು ಮೇಲ್ಪಂಕ್ತಿ ಇದೆ. ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಮತ್ತು 'ಜಿನ್ನಿ' ಎಂಬ ಗುಪ್ತನಾಮದ ಅವರ ಕ್ಲೈಂಟ್ ಪ್ರತಿ ಭೇಟಿಯ ನಂತರ ಬೇರೆಬೇರೆಯಾಗಿ ಟಿಪ್ಪಣಿ ಬರೆದರು. ಎರಡೂ ಸೇರಿ 1974ರಲ್ಲಿ ಪುಸ್ತಕವಾಯಿತು. ಯಾಲಮ್ ತಮ್ಮ ಜಾಣ ವ್ಯಾಖ್ಯಾನಗಳೇ ಕೆಲಸ ಮಾಡಿದವು ಎಂದುಕೊಂಡಿದ್ದರು. ಆಕೆಯ ಟಿಪ್ಪಣಿಯಲ್ಲಿ ಅವುಗಳ ಸುಳಿವೇ ಇರಲಿಲ್ಲ. ತಡವಾಗಿ ಬಂದದ್ದಕ್ಕೆ ಅವರು ಕ್ಷಮೆ ಕೇಳಿದ್ದು, ತನ್ನ ಮಾತಿಗೆ ನಕ್ಕದ್ದು, ಅಂಥವೇ ಆಕೆಗೆ ನೆನಪಿದ್ದವು. ಕ್ಲೈಂಟ್ ಬರೆಯದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ತೊಡಕುಗಳೂ ಇವೆ. ಚಿಕಿತ್ಸೆ ನಡೆಯುತ್ತಿರುವಾಗ "ನಿಮ್ಮ ಬಗ್ಗೆ ಬರೆಯಲೇ" ಎಂದು ಕೇಳಿದರೆ ಇಲ್ಲ ಎನ್ನುವ ಧೈರ್ಯ ಎಷ್ಟು ಜನರಿಗೆ ಇರುತ್ತದೆ? ಕೇಳಿದ್ದೇ ಚಿಕಿತ್ಸೆಯ ಹದ ಕೆಡಿಸಬಹುದು. ಗುರುತು ಮರೆಸುವುದೋ ಒಪ್ಪಿಗೆ ಪಡೆಯುವುದೋ ಎಂದು ಮನೋವಿಶ್ಲೇಷಕ ಗ್ಲೆನ್ ಗ್ಯಾಬರ್ಡ್ 2000ದಲ್ಲಿ ಚರ್ಚಿಸಿದಾಗ ಎಲ್ಲಕ್ಕೂ ಒಂದೇ ಮದ್ದು ಇಲ್ಲವೆಂದೇ ಹೇಳಿದ್ದರು. ನನ್ನ ಓಪಿಡಿಗೆ ಬರುವ ಹಲವರಿಗೆ ಓದು ಬರಹ ಬರುವುದಿಲ್ಲ. ಅವರ ಮಾತನ್ನು ಅವರ ನುಡಿಯಲ್ಲೇ ಕೇಳಿ ಬರೆದುಕೊಂಡು, ಓದಿ ಹೇಳಿ, ಹೌದೇ ಎಂದು ಕೇಳಬೇಕು. ಸಮಯ ಹಿಡಿಯುತ್ತದೆ. ಹಾಗೆಂದು ಬಿಡಲಾಗದು.

ತುಂಗಾತೀರ

ಈ ಬಾರಿಯ ಪ್ರಶ್ನೆಪತ್ರಿಕೆಯಲ್ಲಿ ಮೂರು ಬದಲಾವಣೆ ಮಾಡುತ್ತಿದ್ದೇನೆ. ಪ್ರಕರಣ ಮೊದಲ ಭೇಟಿಯಿಂದ, ಗೋಪ್ಯತೆಯ ಬಗ್ಗೆ ಕ್ಲೈಂಟ್‌ಗೆ ಏನು ಹೇಳಲಾಯಿತು ಎಂಬಲ್ಲಿಂದ ಆರಂಭವಾಗುತ್ತದೆ. ಕಲ್ಪಿತ ಪ್ರಕರಣವಾದರೆ ಕಲ್ಪಿತವೆಂದೇ ಬರೆಯುತ್ತೇನೆ, ಕ್ಲೈಂಟ್ ಮನಸ್ಸಿನಲ್ಲಿ ಏನಿತ್ತು ಎಂದು ತುಂಬುವುದಿಲ್ಲ. ಬದಲಿಗೆ ವಿದ್ಯಾರ್ಥಿಗಳಿಗೆ ಕೇಳುತ್ತೇನೆ: ಇವರನ್ನು ಏನು ಕೇಳದೆ ನೀವು ನಿರ್ಧಾರ ತೆಗೆದುಕೊಳ್ಳಲಾರಿರಿ? ಆ ಪ್ರಶ್ನೆಗಳಿಗೇ ಅಂಕ. ಹುಬ್ಬಳ್ಳಿಯವರು ಹೇಳಿದ ಕಟ್ಟುಕಥೆಯ ಅಪಾಯ ಇದರಿಂದ ತಪ್ಪುತ್ತದೆ ಎಂದುಕೊಂಡಿದ್ದೇನೆ.

ನಾಗಲಿಂಗಪುಷ್ಪ ಅವರೇ, ಸಂಕೋಚದಿಂದಲೇ ಒಂದು ಕೋರಿಕೆ. ನಿಮಗೆ ಒಪ್ಪಿಗೆಯಾದರೆ ಬಾಗಿನದ ಪ್ರಸಂಗವನ್ನು ತರಗತಿಗಾಗಿ ನೀವೇ ಬರೆದುಕೊಡುವಿರಾ? ಏನು ಇರಬೇಕು, ಏನು ಬೇಡ ಎಂಬುದು ನಿಮ್ಮದೇ ತೀರ್ಮಾನ. ಯಾವಾಗ ಬೇಡವೆಂದರೂ ತೆಗೆದುಬಿಡುತ್ತೇನೆ.

ಕಪ್ಪು ಕೋಟು

ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ ಮೇಡಂ. ಹಿಂತೆಗೆದುಕೊಳ್ಳುವ ಹಕ್ಕೂ ಅದರಲ್ಲೇ ಇರಲಿ. ಆ ಸಮಾಲೋಚಕಿಯ ಗುರುತೂ ಸಿಗಬಾರದು, ಅವರ ಮಾತು ಕೇಳದೆ ನಾವು ಅವರ ಮೇಲೆ ತೀರ್ಪು ಕೊಡುವಂತಿಲ್ಲ.

ನಾಗಲಿಂಗಪುಷ್ಪ

ಬರೆದುಕೊಡುತ್ತೇನೆ. ಬೇಸಿಗೆ ರಜೆಯಲ್ಲಿ ಸಮಯವಿರುತ್ತದೆ. ಆ ಸಮಾಲೋಚಕಿಯ ಬಗ್ಗೆ ಕಪ್ಪು ಕೋಟು ಅವರು ಹೇಳಿದ್ದು ನನಗೂ ಒಪ್ಪಿಗೆ. ಅವರಿಂದ ನನಗೆ ಆದ ಉಪಕಾರವನ್ನೂ ಅದರಲ್ಲಿ ಬರೆಯುತ್ತೇನೆ. ಊರು, ಶಾಲೆ, ಯಜಮಾನರ ಕೆಲಸ ಯಾವುದೂ ಬೇಡ. ಗೌರಿ ಹಬ್ಬವೂ ಮೊರವೂ ಮಾತ್ರ ಇರಲೇಬೇಕು. ಅವನ್ನು ತೆಗೆದು "ಉಡುಗೊರೆ" ಎಂದು ಹಾಕುವುದಾದರೆ ನಾನು ಬರೆಯುವುದಿಲ್ಲ.

ತುಂಗಾತೀರ

ಹಾಗೆಯೇ ಆಗಲಿ. ಒಪ್ಪಿಗೆ ಪತ್ರದ ಕರಡನ್ನು ಕಪ್ಪು ಕೋಟು ಅವರಿಗೆ ತೋರಿಸಿ ಈ ವಾರವೇ ನಿಮಗೆ ಕಳುಹಿಸುತ್ತೇನೆ.